ಸ್ಕ್ರೀನ್ ಕಪ್ಪಾದರೆ ಪ್ಯಾನೆಲ್ ಹೋಯ್ತು ಅಂತಲ್ಲ

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್‌ಬುಕ್, ಬ್ಯಾನರ್ ಡಿಸೈನ್ ಮಾಡುತ್ತೇವೆ. 22 ಇಂಚಿನ ಮಾನಿಟರ್, ತಗೊಂಡು 6 ವರ್ಷ ಆಯಿತು. ಇತ್ತೀಚೆಗೆ ಬೆಳಿಗ್ಗೆ ಆನ್ ಮಾಡಿದರೆ ಎರಡು ಸೆಕೆಂಡ್ ಚಿತ್ರ ಬಂದು ಕಪ್ಪಾಗುತ್ತದೆ. ಕೆಳಗಿನ ನೀಲಿ ಲೈಟ್ ಮಾತ್ರ ಉರಿಯುತ್ತಲೇ ಇರುತ್ತದೆ. ಹತ್ತಾರು ಸಲ ಆಫ್-ಆನ್ ಮಾಡಿದ ಮೇಲೆ ನಿಲ್ಲುತ್ತದೆ, ಒಮ್ಮೆ ನಿಂತರೆ ಸಂಜೆವರೆಗೂ ತೊಂದರೆ ಇಲ್ಲ. ಇದರ ಜೊತೆ ಆಗಾಗ ಇಡೀ ಸ್ಕ್ರೀನ್ ಹಳದಿಯಾಗುತ್ತದೆ. ಹಿಂದಿನ ಕೇಬಲ್ ಅಲ್ಲಾಡಿಸಿದರೆ ಸರಿ ಹೋಗುತ್ತದೆ. ಒಬ್ಬರು ‘ಪ್ಯಾನೆಲ್ ಹೋಗೇತ್ರಿ’ ಎಂದು 4,500 ರೂಪಾಯಿ ಕೇಳಿದರು. ಇನ್ನೊಬ್ಬರು ವೈರಸ್, ಫಾರ್ಮ್ಯಾಟ್ ಮಾಡಿ ಅಂದರು. ವೈರ್‌ಮನ್ ಸ್ಟೆಬಿಲೈಜರ್ ಹಾಕಿ ಅಂತಾರೆ. ಸಿಪಿಯು ಡಬ್ಬಿ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಲಗ್ನದ ಸೀಜನ್ ಬೇರೆ. ಬೆಳಿಗ್ಗೆ ಹತ್ತೋದೇ ಕಷ್ಟ ಅಂತ ರಾತ್ರಿನೂ ಮಾನಿಟರ್ ಆಫ್ ಮಾಡದೆ ಬಿಡುತ್ತಿದ್ದೇವೆ. ರಿಪೇರಿ ಮಾಡಿಸೋದಾ, ಹೊಸದು ತಗೊಳ್ಳೋದಾ?

ಉತ್ತರ: ಅಕ್ಕಾರೆ, ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ‘ಎರಡು ಸೆಕೆಂಡ್ ಬಂದು ಕಪ್ಪಾಗುತ್ತದೆ’ ಅಂತ ಬರೆದಿರಲ್ಲ, ಅದೇ ದೊಡ್ಡ ಸುಳಿವು. ಹುಬ್ಬಳ್ಳಿಯ ನಮ್ಮ ಅಂಗಡಿಗೆ ಬರುವವರಲ್ಲಿ ಜಾಸ್ತಿ ಜನ ‘ಮಾನಿಟರ್ ಹೋಗೇತ್ರಿ, ನೋಡ್ರಿ’ ಅಂದು ಟೇಬಲ್ ಮೇಲೆ ಇಟ್ಟು ನಡೆದುಬಿಡುತ್ತಾರೆ. ಹೇಗೆ ಹೋಯಿತು ಅಂತ ಹೇಳುವವರು ಕಡಿಮೆ.

ನಿಮ್ಮ ಹತ್ತಿರ ಇರುವುದು ಒಂದು ತೊಂದರೆ ಅಲ್ಲ, ಮೂರು. ಕಪ್ಪಾಗುವುದು ಒಂದು. ಹಳದಿಯಾಗುವುದು ಇನ್ನೊಂದು. ಕೈ ಜುಮ್ ಅನ್ನುವುದು ಮತ್ತೊಂದು. ಮೂರಕ್ಕೂ ಕಾರಣ ಬೇರೆ ಬೇರೆ. ಎಲ್ಲಾ ಒಟ್ಟಿಗೆ ಕಾಣಿಸಿಕೊಂಡಿದ್ದರಿಂದ ಒಂದೇ ಕಾರಣ ಹುಡುಕಲು ಹೋಗಿದ್ದಾರೆ. ಪ್ಯಾನೆಲ್ ಬಹುತೇಕ ಚೆನ್ನಾಗೇ ಇದೆ. ವೈರಸ್ ಅಂತೂ ಖಂಡಿತ ಅಲ್ಲ. ಸ್ಟೆಬಿಲೈಜರ್‌ಗೆ ದುಡ್ಡು ಹಾಕಬೇಡಿ.

ಮೊದಲು ಕಪ್ಪಾಗುವ ವಿಷಯ ನೋಡೋಣ. ಎಲ್‌ಸಿಡಿ ಪ್ಯಾನೆಲ್‌ಗೆ ಸ್ವಂತ ಬೆಳಕು ಇಲ್ಲ. ತೊಗಲುಗೊಂಬೆ ಆಟ ನೋಡಿರಬೇಕು ನೀವು. ಪರದೆಯ ಹಿಂದೆ ದೀಪ, ನಡುವೆ ಬಣ್ಣದ ಗೊಂಬೆ. ದೀಪ ಆರಿದರೆ ಗೊಂಬೆ ಎಲ್ಲಿಗೂ ಹೋಗುವುದಿಲ್ಲ, ಕಾಣುವುದಿಲ್ಲ ಅಷ್ಟೇ. ಇಲ್ಲೂ ಹಾಗೇ. ಚಿತ್ರ ಮೂಡುವುದು ಪ್ಯಾನೆಲ್‌ನಲ್ಲಿ, ಬೆಳಕು ಕೊಡುವುದು ಹಿಂದಿರುವ ಬ್ಯಾಕ್‌ಲೈಟ್. ಹಳೆಯ ಎಲ್‌ಸಿಡಿ ಮಾನಿಟರ್‌ಗಳಲ್ಲಿ ಪೆನ್ಸಿಲ್‌ಗಿಂತ ತೆಳ್ಳಗಿನ ಟ್ಯೂಬ್‌ಗಳಿದ್ದವು. ನಿಮ್ಮದು 6 ವರ್ಷದ್ದು, ಹಾಗಾಗಿ ಎಲ್‌ಇಡಿ ಪಟ್ಟಿ ಇರುತ್ತದೆ, ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿ.

ದೀಪ ಆರಿದೆಯೋ ಗೊಂಬೆಯೇ ಇಲ್ಲವೋ ಅಂತ ತಿಳಿಯಲು ಮೊಬೈಲ್ ಟಾರ್ಚ್ ಸಾಕು. ನಾಳೆ ಬೆಳಿಗ್ಗೆ ಸ್ಕ್ರೀನ್ ಕಪ್ಪಾದಾಗ ತಕ್ಷಣ ಆಫ್ ಮಾಡಬೇಡಿ. ಅಂಗಡಿಯ ಲೈಟ್ ಆರಿಸಿ, ಶಟರ್ ಅರ್ಧ ಇಳಿಸಿ. ಟಾರ್ಚನ್ನು ಸ್ಕ್ರೀನ್‌ಗೆ ಒಂದು ಗೇಣು ದೂರದಲ್ಲಿ ಓರೆಯಾಗಿ ಹಿಡಿಯಿರಿ. ಕಣ್ಣನ್ನೂ ಓರೆಯಿಂದಲೇ ಹಾಯಿಸಿ. ಡೆಸ್ಕ್‌ಟಾಪ್ ಮೇಲಿನ ಐಕಾನ್‌ಗಳು, ಫೈಲ್ ಹೆಸರುಗಳು ಬೂದಿ ಬಣ್ಣದಲ್ಲಿ ಮಸುಕು ಮಸುಕಾಗಿ ಕಾಣುತ್ತವೆಯಾ? ಮೌಸ್ ಅಲ್ಲಾಡಿಸಿದರೆ ಬಾಣದ ಗುರುತು ಓಡಾಡುತ್ತದೆಯಾ? ಹೌದು ಅಂದರೆ ಕಂಪ್ಯೂಟರ್ ಸರಿ, ಕೇಬಲ್ ಚಿತ್ರ ತರುತ್ತಿದೆ, ಪ್ಯಾನೆಲ್ ಕೂಡ ಸರಿ. ಹೋಗಿರುವುದು ಬೆಳಕು ಮಾತ್ರ. ‘ಪ್ಯಾನೆಲ್ ಹೋಗೇತಿ’ ಅಂದವರು ಈ ಪರೀಕ್ಷೆ ಮಾಡಿದ್ದರಾ ಅಂತ ಒಮ್ಮೆ ಕೇಳಿ ನೋಡಿ.

ಟಾರ್ಚ್ ಹಿಡಿದರೂ ಏನೂ ಕಾಣಲಿಲ್ಲ ಅಂದರೆ ದಾರಿ ಬೇರೆ. ಆಗ ಎಲ್ಲ ಆಫ್ ಮಾಡಿ, ಮಾನಿಟರ್‌ನಿಂದ ಚಿತ್ರದ ಕೇಬಲ್ ಕಿತ್ತು, ಅದಕ್ಕೆ ಪವರ್ ಮಾತ್ರ ಕೊಟ್ಟು ಆನ್ ಮಾಡಿ. ‘ನೋ ಸಿಗ್ನಲ್’ ಅಂತ ಬರಹ ಬಂದು ನಿಂತರೆ ಮಾನಿಟರ್ ಚೆನ್ನಾಗಿದೆ, ಸಿಪಿಯು ಕಡೆ ನೋಡಬೇಕು. ರ‍್ಯಾಮ್ (ಸಿಪಿಯು ಒಳಗಿನ ಮೆಮೊರಿ) ತೆಗೆದು ರಬ್ಬರಿನಿಂದ ಅದರ ಕಾಲು ಉಜ್ಜಿ ಹಾಕುವ ಎಲ್ಲರಿಗೂ ಗೊತ್ತಿರುವ ಮದ್ದು ಕೆಲಸ ಮಾಡುವುದು ಅಂಥ ಸಂದರ್ಭದಲ್ಲಿ. ನಿಮ್ಮ ಲಕ್ಷಣ ನೋಡಿದರೆ ಅಲ್ಲಿಗೆ ಹೋಗಬೇಕಾಗಿಲ್ಲ ಅನಿಸುತ್ತದೆ.

ಹಾಗಾದರೆ ಎರಡೇ ಸೆಕೆಂಡ್ ಯಾಕೆ? ಎಲ್‌ಇಡಿಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸಿ ಸಾಲು ಮಾಡಿರುತ್ತಾರೆ. ಒಂದೊಂದು ಎಲ್‌ಇಡಿ ಸುಮಾರು 3 ವೋಲ್ಟ್ ತಿನ್ನುತ್ತದೆ. ಸಾಲಿಗೆಲ್ಲ ಸೇರಿ ಬೇಕಾದ ವೋಲ್ಟೇಜನ್ನು ಬೋರ್ಡ್ ಮೇಲಿನ ಒಂದು ಚಿಪ್ ಏರಿಸಿ ಕೊಡುತ್ತದೆ. ಕೊಟ್ಟ ಮೇಲೆ ಕರೆಂಟ್ ಸರಿಯಾಗಿ ಹರಿಯುತ್ತಿದೆಯಾ ಅಂತ ಕಾಯುತ್ತಲೂ ಇರುತ್ತದೆ. ಯಾವುದಾದರೂ ಸಾಲಿನಲ್ಲಿ ಕರೆಂಟ್ ತಪ್ಪಿದರೆ, ಇಲ್ಲವೇ ತನಗೇ ಮೇಲಿನಿಂದ ವೋಲ್ಟೇಜ್ ಸಾಲದೇ ಹೋದರೆ, ಒಂದೆರಡು ಸೆಕೆಂಡಿನಲ್ಲಿ ಬೆಳಕು ಕಡಿದುಬಿಡುತ್ತದೆ. ಕಾಪಾಡಿಕೊಳ್ಳಲಿಕ್ಕೆ ಮಾಡುವ ಕೆಲಸ ಅದು. ಚಿತ್ರದ ಭಾಗಕ್ಕೆ ಇದರ ಗೊಡವೆ ಇಲ್ಲ, ಅದು ನಡೆಯುತ್ತಲೇ ಇರುತ್ತದೆ. ನೀಲಿ ಲೈಟ್ ಉರಿಯುವುದು ಅದಕ್ಕೇ.

ಅಂದರೆ ತಪ್ಪು ಎರಡರಲ್ಲಿ ಒಂದು ಕಡೆ. ಎಲ್‌ಇಡಿ ಪಟ್ಟಿಯಲ್ಲಿ ಇರಬೇಕು, ಇಲ್ಲಾ ಅದಕ್ಕೆ ಕರೆಂಟ್ ಕೊಡುವ ಪವರ್ ಬೋರ್ಡಿನಲ್ಲಿ. ನನ್ನ ಅನುಮಾನ ಬೋರ್ಡಿನ ಮೇಲೆ. ‘ಹತ್ತಾರು ಸಲ ಆಫ್-ಆನ್ ಮಾಡಿದ ಮೇಲೆ ನಿಲ್ಲುತ್ತದೆ’ ಅಂದಿರಿ. ಪವರ್ ಬೋರ್ಡಿನಲ್ಲಿ ಕರೆಂಟ್ ಹಿಡಿದಿಟ್ಟು ಬೇಕಾದಾಗ ಕೊಡುವ, ಗುಂಡಗೆ ನಿಂತಿರುವ ಕೆಪಾಸಿಟರ್‌ಗಳಿವೆ. ಅವುಗಳ ಒಳಗೆ ಒಂದು ದ್ರವ ಇರುತ್ತದೆ. ವರ್ಷ ಕಳೆದಂತೆ ಅದು ಒಣಗಿ, ಒಳಗಿನ ತಡೆ ಜಾಸ್ತಿಯಾಗುತ್ತದೆ. ತಣ್ಣಗಿದ್ದಾಗ ಬೇಕಾದಷ್ಟು ಕರೆಂಟ್ ಒಮ್ಮೆಲೇ ಕೊಡಲು ಆಗುವುದಿಲ್ಲ. ಮತ್ತೆ ಮತ್ತೆ ಆನ್ ಮಾಡಿದಾಗ ಸ್ವಲ್ಪ ಸ್ವಲ್ಪ ಬೆಚ್ಚಗಾಗುತ್ತವೆ, ತಡೆ ಇಳಿಯುತ್ತದೆ, ಬೆಳಕು ಆರದೆ ನಿಲ್ಲುತ್ತದೆ. ಬೆಳಿಗ್ಗೆ ಕಾಟ, ಮಧ್ಯಾಹ್ನ ಆರಾಮ. ಇದು ಮುದಿಯಾದ ಕೆಪಾಸಿಟರ್‌ನ ಹಳೇ ಚಾಳಿ. ಬಿಟ್ಟುಕೊಂಡ ಬೆಸುಗೆ ಕೂಡ ಬಿಸಿಯಾದಾಗ ಹೀಗೇ ಕೂಡಿಕೊಳ್ಳುವುದುಂಟು. ಕೆಲವರು ಮಾನಿಟರ್ ಬೆನ್ನಿಗೆ ಒಂದು ಗುದ್ದು ಕೊಟ್ಟು ಸರಿ ಮಾಡುತ್ತಾರಲ್ಲ, ಅದರ ಗುಟ್ಟು ಇದೇ. ನೀವು ಗುದ್ದಬೇಡಿ, ಪ್ಯಾನೆಲ್ ಗಾಜಿನದು.

ಕೆಪಾಸಿಟರ್‌ಗಳಿಗೆ ಬಿಸಿ ಆಗಿಬರುವುದಿಲ್ಲ. 10 ಡಿಗ್ರಿ ಬಿಸಿ ಹೆಚ್ಚಾದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ನಮ್ಮ ಕೆಲಸದವರ ಲೆಕ್ಕ. ತಗಡಿನ ಶೀಟಿನ ಅಂಗಡಿ, ಏಪ್ರಿಲ್ ಬಿಸಿಲು, ಬೆಟಗೇರಿಯ ಮಗ್ಗಗಳಿಂದ ಹಾರಿ ಬರುವ ನೂಲಿನ ದೂಳು, ಎಲ್ಲಾ ಸೇರಿದರೆ ಏನಾಗಬೇಕು? ಮಾನಿಟರ್ ಹಿಂದಿನ ಮೇಲ್ಭಾಗದ ಸಂದುಗಳನ್ನು ಒಮ್ಮೆ ನೋಡಿ. ಅಲ್ಲಿ ಬೂದು ಬಣ್ಣದ ಹತ್ತಿ ಎಳೆ ಮೆತ್ತಿಕೊಂಡಿದ್ದರೆ, ಪವರ್ ಕಿತ್ತು, ಒಣ ಬ್ರಷ್‌ನಿಂದ ಎಳೆದು ತೆಗೆಯಿರಿ. ಪ್ಲಾಸ್ಟಿಕ್ ಕವರನ್ನು ಹಿಂದಕ್ಕೆ ಮಡಚಿ ಬಿಟ್ಟು ಕೆಲಸ ಮಾಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಆ ಸಂದಿನಲ್ಲೇ ಊದಿನಕಡ್ಡಿ ಸಿಕ್ಕಿಸಿ ಪೂಜೆ ಮಾಡಿದ ಮಾನಿಟರ್‌ಗಳೂ ನಮ್ಮ ಟೇಬಲ್ ಮೇಲೆ ಬಂದಿವೆ!

ಬೋರ್ಡೋ ಪಟ್ಟಿಯೋ ಅಂತ ಬಿಚ್ಚದೆಯೇ ಅಂದಾಜು ಮಾಡಲು ಒಂದು ಉಪಾಯ ಇದೆ. ಸ್ಕ್ರೀನ್ ಬಂದು ನಿಂತಾಗ ಮಾನಿಟರ್‌ನ ಬಟನ್ ಒತ್ತಿ, ಮೆನುವಿನಲ್ಲಿ ಬ್ರೈಟ್‌ನೆಸ್ 25ಕ್ಕೆ ಇಳಿಸಿ. ಅದು ನೆನಪಿನಲ್ಲಿ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಒಂದೇ ಸಲಕ್ಕೆ ಹತ್ತಿ ನಿಂತರೆ ತೊಂದರೆ ಕರೆಂಟ್ ಸಾಲದಿರುವುದು, ಅಂದರೆ ಬೋರ್ಡ್ ಕಡೆ ವಾಲುತ್ತದೆ. 25ಕ್ಕೂ ಅದೇ ಹಾಡು ಅಂದರೆ ಪಟ್ಟಿಯಲ್ಲಿ ಒಂದು ಎಲ್‌ಇಡಿ ಸತ್ತಿರುವ ಸಾಧ್ಯತೆ ಜಾಸ್ತಿ. ಇದು ಪರೀಕ್ಷೆಯೂ ಹೌದು, ಸೀಜನ್ ಮುಗಿಯುವವರೆಗೆ ದೂಡಲು ದಾರಿಯೂ ಹೌದು.

ಆದರೆ ಡಿಟಿಪಿ ಮಾಡುವವರಿಗೆ ಇದರಲ್ಲಿ ಒಂದು ಮೋಸ ಇದೆ. ಬೆಳಕು ಕಡಿಮೆ ಇದ್ದಾಗ ಕುಂಕುಮದ ಕೆಂಪು ಕಪ್ಪಿಟ್ಟು ಕಾಣುತ್ತದೆ. ಕೈ ತಾನಾಗಿ ಬಣ್ಣ ತಿಳಿ ಮಾಡಲು ಹೋಗುತ್ತದೆ. ಪ್ರೆಸ್‌ನಿಂದ ಕಾರ್ಡ್ ಬಂದಾಗ ಗಣಪತಿ ಪೇಲವ. ಕಣ್ಣನ್ನು ನಂಬದೆ ಅಂಕಿ ನಂಬಿ. ಕೋರೆಲ್ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಅಚ್ಚ ಕೆಂಪು ಬೇಕಾದರೆ ಮೆಜೆಂಟಾ 100, ಯೆಲ್ಲೋ 100. ಸ್ಕ್ರೀನ್ ಮೇಲೆ ಹೇಗೇ ಕಾಣಲಿ, ಪ್ರೆಸ್ಸಿಗೆ ಹೋಗುವುದು ಆ ಅಂಕಿಯೇ.

ಇನ್ನೊಂದು ಸಣ್ಣ ಮಾತು. ನಿಮ್ಮ ಮಾನಿಟರ್‌ಗೆ ಕರೆಂಟ್ ಬರುವುದು ಲ್ಯಾಪ್‌ಟಾಪ್‌ನಂತೆ ಹೊರಗಿನ ಅಡಾಪ್ಟರ್‌ನಿಂದಾದರೆ, ಮೊದಲು ಅದನ್ನು ಬದಲಿಸಿ ನೋಡಿ. ಅಡಾಪ್ಟರ್ ಒಳಗೂ ಇಂಥವೇ ಕೆಪಾಸಿಟರ್. ವೋಲ್ಟ್ ಒಂದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು, ಪಿನ್ನಿನ ಪ್ಲಸ್-ಮೈನಸ್ ಗುರುತು ತಾಳೆಯಾಗಬೇಕು. 12 ವೋಲ್ಟಿನ ಮಾನಿಟರ್‌ಗೆ ಪಿನ್ ಹೊಂದಿತು ಅಂತ 19 ವೋಲ್ಟಿನದು ಸಿಕ್ಕಿಸಿದರೆ ಇದ್ದ ಬೋರ್ಡೂ ಹೋಗುತ್ತದೆ.

ಈಗ ಹಳದಿ. ಇದು ಸುಲಭ. ಕೇಬಲ್ ಅಲ್ಲಾಡಿಸಿದರೆ ಸರಿ ಹೋಗುತ್ತದೆ ಅಂದ ಮೇಲೆ ನೀವು ಬಳಸುತ್ತಿರುವುದು ವಿಜಿಎ ಕೇಬಲ್ ಇರಬೇಕು, ಎರಡೂ ಕಡೆ ಸ್ಕ್ರೂ ಇರುವ ನೀಲಿ ತಲೆಯದು. ಅದರಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ಪಿನ್‌ನಲ್ಲಿ ಬರುತ್ತವೆ, 1, 2, 3ನೇ ಪಿನ್. ನೀಲಿಯ ಪಿನ್ ಸಡಿಲಾದರೆ ಕೆಂಪು-ಹಸಿರು ಎರಡೇ ಉಳಿದು ಬಿಳಿಯೆಲ್ಲ ಹಳದಿ. ಕೆಂಪು ತಪ್ಪಿದರೆ ಆಕಾಶ ಬಣ್ಣ, ಹಸಿರು ತಪ್ಪಿದರೆ ನೇರಳೆ ಮಿಶ್ರಿತ ಗುಲಾಬಿ. ಬಣ್ಣ ನೋಡಿಯೇ ಯಾವ ಪಿನ್ ಅಂತ ಹೇಳಬಹುದು. ಖಚಿತ ಮಾಡಿಕೊಳ್ಳಬೇಕಾದರೆ ಸ್ಕ್ರೀನ್ ಹಳದಿ ಇದ್ದಾಗ ಮಾನಿಟರ್‌ನ ಮೆನು ತೆರೆಯಿರಿ. ಮೆನು ತನ್ನ ಸಹಜ ಬಣ್ಣದಲ್ಲಿದ್ದು ಹಿಂದಿನ ಚಿತ್ರ ಮಾತ್ರ ಹಳದಿ ಇದ್ದರೆ ಮಾನಿಟರ್ ತಪ್ಪಲ್ಲ. ಮೆನುವನ್ನು ಬರೆಯುವುದು ಮಾನಿಟರ್ ತಾನೇ, ಅದು ಕೇಬಲ್‌ನಿಂದ ಬರುವುದಿಲ್ಲ.

ಎಲ್ಲ ಆಫ್ ಮಾಡಿ ಕೇಬಲ್ ತೆಗೆದು ಪಿನ್ ನೋಡುವಾಗ ಒಂದು ಪಿನ್ ಇಲ್ಲವೇ ಇಲ್ಲ ಅಂತ ಗಾಬರಿ ಆಗಬೇಡಿ. ಬಹಳ ಕೇಬಲ್‌ಗಳಲ್ಲಿ 9ನೇ ಪಿನ್ ಬರುವುದೇ ಇಲ್ಲ. ಬಾಗಿದ ಪಿನ್ ಇದ್ದರೆ ಮೆಲ್ಲಗೆ ನೇರ ಮಾಡಬಹುದು, ಆದರೆ ಎರಡನೇ ಸಲಕ್ಕೆ ಮುರಿಯುತ್ತದೆ. ಹೊಸ ಕೇಬಲ್ಲೇ ತಗೊಳ್ಳಿ, ದೊಡ್ಡ ಖರ್ಚಲ್ಲ. ಮಾನಿಟರ್‌ಗೂ ಸಿಪಿಯುಗೂ ಎಚ್‌ಡಿಎಂಐ ಕಿಂಡಿ ಇದ್ದರೆ ವಿಜಿಎ ಬಿಟ್ಟು ಅದಕ್ಕೇ ಹೋಗಿ. ಅದರಲ್ಲಿ ಹೀಗೆ ಒಂದು ಬಣ್ಣ ಮಾತ್ರ ಸೋರಿ ಹೋಗುವುದು ಅಪರೂಪ. ಕೇಬಲ್ ಕೆಟ್ಟರೆ ಸಾಮಾನ್ಯವಾಗಿ ಚುಕ್ಕೆ ಮಿನುಗುತ್ತದೆ, ಇಲ್ಲಾ ಚಿತ್ರವೇ ಹೋಗುತ್ತದೆ. ಅಕ್ಷರವೂ ಚೂಪಾಗಿ ಕಾಣುತ್ತದೆ. ಕನ್ನಡ ಟೈಪಿಂಗ್‌ನ ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ತಿದ್ದುವಾಗ ನಿಮಗೇ ಗೊತ್ತಾಗುತ್ತದೆ. ಸಂಜೆ ಹೊತ್ತಿಗೆ ಮಾತ್ರ ಹಳದಿ ತಿರುಗುತ್ತಿದ್ದರೆ ವಿಂಡೋಸ್‌ನ ‘ನೈಟ್ ಲೈಟ್’ ಆನ್ ಆಗಿದೆಯಾ ನೋಡಿ. ಸುಮ್ನೆ ಒಂದು ಬಟನ್, ಅದಕ್ಕಾಗಿ ರಿಪೇರಿಗೆ ತಂದವರೂ ಇದ್ದಾರೆ.

ವೈರಸ್ ಮಾತು ಬಿಡಿ. ಆನ್ ಆದ ಎರಡು ಸೆಕೆಂಡಿಗೆ ಬ್ಯಾಕ್‌ಲೈಟ್ ಆರಿಸಿ, ಹತ್ತು ಸಲ ಆಫ್-ಆನ್ ಮಾಡಿದರೆ ಸುಮ್ಮನಾಗುವ ವೈರಸ್ ಇಲ್ಲ. ಫಾರ್ಮ್ಯಾಟ್ ಮಾಡಿಸಿ ನಿಮ್ಮ ಹಳೆಯ ಡಿಸೈನ್ ಫೈಲ್‌ಗಳನ್ನು ಕಳೆದುಕೊಂಡರೆ ಅದೇ ದೊಡ್ಡ ನಷ್ಟ.

ಸ್ಟೆಬಿಲೈಜರ್ ಯಾಕೆ ಬೇಡ ಅಂದರೆ, ಮಾನಿಟರ್ ಹಿಂದಿನ ಸ್ಟಿಕರ್ ಓದಿ. ‘100-240’ ವೋಲ್ಟ್ ಅಂತ ಇರುತ್ತದೆ. ವೋಲ್ಟೇಜ್ 180ಕ್ಕೆ ಇಳಿದರೂ ಅದಕ್ಕೆ ಲೆಕ್ಕವಿಲ್ಲ. ಮಾನಿಟರ್‌ಗಳನ್ನು ಕೊಲ್ಲುವುದು ಎರಡು: ಸಿಡಿಲು, ಕಂಬದಲ್ಲಿ ನ್ಯೂಟ್ರಲ್ ಕಡಿದುಹೋಗುವುದು. ನ್ಯೂಟ್ರಲ್ ಹೋದರೆ 230 ಇರಬೇಕಾದದ್ದು 400ರ ಹತ್ತಿರಕ್ಕೂ ಏರಬಹುದು. ಆ ಹೊಡೆತಕ್ಕೆ ಸಾಮಾನ್ಯ ಸ್ಟೆಬಿಲೈಜರ್ ತಾನೇ ಸುಟ್ಟುಹೋಗುತ್ತದೆ. ಬಲ್ಬ್ ಇದ್ದಕ್ಕಿದ್ದಂತೆ ಜಾಸ್ತಿ ಬೆಳಗಿದರೆ ಮೇನ್ ಸ್ವಿಚ್ ಇಳಿಸಿ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಮೇ ತಿಂಗಳ ಗುಡುಗು ಮಳೆ ಶುರುವಾದಾಗ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಸಾಲದು, ಕಿತ್ತೇ ಇಡಬೇಕು.

ಇನ್ನು ಜುಮ್ ಅನ್ನುವುದು. ಮೂರರಲ್ಲಿ ನನಗೆ ಹೆಚ್ಚು ಚಿಂತೆ ಇದರದ್ದೇ. ಮಾನಿಟರ್ ಕಪ್ಪಾಗುವುದಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ಆದರೆ ನಿಮ್ಮ ಅಂಗಡಿಯ ಅರ್ಥಿಂಗ್ ಸರಿ ಇಲ್ಲ ಅನ್ನುವುದಕ್ಕೆ ಇದು ಸಾಕ್ಷಿ. ಕಂಪ್ಯೂಟರ್‌ನ ಪವರ್ ಸಪ್ಲೈಯಲ್ಲಿ ಫೇಸ್‌ನಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೊಂದು ಸಣ್ಣ ಕೆಪಾಸಿಟರ್ ಹಾಕಿರುತ್ತಾರೆ, ಗದ್ದಲದ ಸಿಗ್ನಲ್ ಸೋಸಲಿಕ್ಕೆ. ಅರ್ಥಿಂಗ್ ಇದ್ದರೆ ಅಲ್ಲಿಂದ ಬರುವ ತುಸು ಕರೆಂಟ್ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಡಬ್ಬಿ ಎರಡರ ನಡುವೆ ಸಿಕ್ಕು 115 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಕರೆಂಟ್ ಬಹಳ ಕಡಿಮೆ, ಹಾಗಾಗಿ ಜುಮ್ ಅನ್ನುತ್ತದೆ, ಅಷ್ಟೇ. ಆದರೆ ಒಳಗೆ ಬೇರೆ ಏನಾದರೂ ವೈರ್ ಡಬ್ಬಿಗೆ ತಾಗಿದ್ದರೂ ಇದೇ ರೀತಿ ಶುರುವಾಗಬಹುದು. ಸದರ ಮಾಡಬೇಡಿ. ಅರ್ಥಿಂಗ್ ಸರಿ ಇಲ್ಲದಾಗ ಎಲ್ಲ ಆನ್ ಇಟ್ಟುಕೊಂಡು ಚಿತ್ರದ ಕೇಬಲ್ ಕಿತ್ತು ಹಾಕಿದರೆ ಆ ಕಿಂಡಿಯ ಚಿಪ್ಪೇ ಸುಡುವುದುಂಟು. ನೀವು ದಿನಾ ಕೇಬಲ್ ಅಲ್ಲಾಡಿಸುತ್ತಿದ್ದೀರಿ ಬೇರೆ.

ನಮ್ಮ ಕಡೆ ಎರೆ ಮಣ್ಣು. ಮಳೆಗಾಲದಲ್ಲಿ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಅರ್ಥಿಂಗ್ ಪೈಪನ್ನೇ ಬಿಟ್ಟು ಸರಿಯುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಆ ಪೈಪ್ ಹೂತ ಗುಂಡಿಗೆ ನೀರು ಹಾಕುತ್ತಿರಬೇಕು. ಬಾಡಿಗೆ ಮಳಿಗೆಗಳಲ್ಲಿ ಗುಂಡಿ ಎಲ್ಲಿದೆ ಅನ್ನುವುದೇ ಯಾರಿಗೂ ಗೊತ್ತಿರುವುದಿಲ್ಲ ಬಿಡಿ. ವೈರ್‌ಮನ್ ಕರೆಸಿ, ಮಲ್ಟಿಮೀಟರ್‌ನಿಂದ ನ್ಯೂಟ್ರಲ್-ಅರ್ಥ್ ನಡುವೆ ಎಷ್ಟು ವೋಲ್ಟ್ ಇದೆ ಅಂತ ನೋಡಲು ಹೇಳಿ. ಎರಡು ಮೂರು ವೋಲ್ಟ್ ಇದ್ದರೆ ಸರಿ. ಹತ್ತಾರು ವೋಲ್ಟ್ ತೋರಿಸಿದರೆ ಗುಂಡಿ ಹುಡುಕಬೇಕು. ಆದರೆ ಅವರು ‘ಸಾಕೆಟ್‌ನಾಗ ನ್ಯೂಟ್ರಲ್ಲಿಗೇ ಅರ್ಥ್ ಕೂಡಿಸಿಬಿಡ್ತೀನ್ರಿ’ ಅಂದರೆ ಒಪ್ಪಬೇಡಿ. ಜುಮ್ ಅನ್ನುವುದು ಅವತ್ತೇ ನಿಲ್ಲುತ್ತದೆ, ನಿಜ. ಮುಂದೆ ಎಂದೋ ನ್ಯೂಟ್ರಲ್ ಕಡಿದರೆ ಇಡೀ 230 ವೋಲ್ಟ್ ನಿಮ್ಮ ಸಿಪಿಯು ಡಬ್ಬಿಗೆ ಬರುತ್ತದೆ. ಜೀವ ಹೋಗುವ ಕೆಲಸ ಅದು.

ಈಗ ರಿಪೇರಿಯೋ ಹೊಸದೋ. ಮೊದಲು ಬಿಲ್ ಹುಡುಕಿ. ಬಹಳ ಕಂಪನಿಗಳು ಮಾನಿಟರ್‌ಗೆ 3 ವರ್ಷ ವಾರಂಟಿ ಕೊಡುತ್ತವೆ, ನಿಮ್ಮದು ಮುಗಿದಿದೆ ಅಂತಲೇ ಇಟ್ಟುಕೊಳ್ಳೋಣ. ಟಾರ್ಚ್‌ನಲ್ಲಿ ಚಿತ್ರ ಕಂಡು, ಬ್ರೈಟ್‌ನೆಸ್ ಇಳಿಸಿದಾಗ ನಿಂತಿದ್ದರೆ ಬೋರ್ಡ್ ರಿಪೇರಿ ಮಾಡಿಸಲು ಯೋಗ್ಯ. ನಾಲ್ಕೈದು ಕೆಪಾಸಿಟರ್, ಒಂದಿಷ್ಟು ಬೆಸುಗೆ. ಬಿಡಿಭಾಗ ಅಗ್ಗ, ಕೊಡುವುದು ಕೈಕೆಲಸಕ್ಕೆ. ಹಾಕುವ ಕೆಪಾಸಿಟರ್ 105 ಡಿಗ್ರಿ ಬಿಸಿ ತಾಳುವಂಥದ್ದೇ ಇರಲಿ ಅಂತ ಹೇಳಿ, ಹಳೆಯವನ್ನು ಕೈಗೆ ಕೊಡಲು ಕೇಳಿ. ತಲೆ ಉಬ್ಬಿದ್ದರೆ ನಿಮಗೂ ಕಾಣುತ್ತದೆ. ಅಪಾಯ ಏನು ಅಂದರೆ, ಬೋರ್ಡ್ ಸರಿಯಾದ ಮೇಲೂ ಪಟ್ಟಿ ಸುಸ್ತಾಗಿದ್ದರೆ ಆರು ತಿಂಗಳಿಗೆ ಮತ್ತೆ ಅದೇ ಕತೆ.

ಎಲ್‌ಇಡಿ ಪಟ್ಟಿ ಬದಲಿಸುವುದಕ್ಕೆ ನಾನು ಒತ್ತಾಯ ಮಾಡುವುದಿಲ್ಲ. ಪ್ಯಾನೆಲ್ ಪೂರ್ತಿ ಬಿಚ್ಚಬೇಕು. ಒಳಗೆ ದಪ್ಪ ಅಕ್ರಿಲಿಕ್ ಹಾಳೆ, ಅದರ ಮೇಲೆ ಮೂರು ನಾಲ್ಕು ತೆಳು ಹಾಳೆ. ಕ್ರಮ ತಪ್ಪಿದರೆ, ಒಂದು ಬೆರಳ ಗುರುತು ಬಿದ್ದರೆ, ಒಂದು ನೂಲೆಳೆ ಸೇರಿಕೊಂಡರೆ ಬಿಳಿ ಪೇಜ್ ತೆರೆದಾಗಲೆಲ್ಲ ಕಣ್ಣಿಗೆ ಹೊಡೆಯುತ್ತದೆ. ಪ್ಯಾನೆಲ್ ಅಂಚಿನ ತೆಳು ಪಟ್ಟಿಗೆ ಪೆಟ್ಟು ಬಿದ್ದರೆ ಉದ್ದುದ್ದ ಗೆರೆ ಬರುತ್ತದೆ, ಅದಕ್ಕೆ ರಿಪೇರಿ ಇಲ್ಲ. 4,500 ಕೊಟ್ಟು ಪ್ಯಾನೆಲ್ ಹಾಕಿಸುವುದಂತೂ ಬೇಡವೇ ಬೇಡ. ಹೊಸದರ ಬೆಲೆಯ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕೇಳಿದರೆ ಆ ರಿಪೇರಿಯನ್ನೇ ಬಿಡಿ, ನನ್ನ ಲೆಕ್ಕ ಇಷ್ಟೇ. ಮನೆಯಲ್ಲಿ ಕುತೂಹಲದ ಹುಡುಗರಿದ್ದರೆ ಒಂದು ಎಚ್ಚರಿಕೆ: ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್ ತನಕ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಯೂಟ್ಯೂಬ್ ನೋಡಿ ಬಿಚ್ಚಲು ಬಿಡಬೇಡಿ.

ಹೊಸದು ತಗೊಳ್ಳುವ ದಿನ ಬಂದರೆ ಐಪಿಎಸ್ ಪ್ಯಾನೆಲ್ಲೇ ಕೇಳಿ, ಪಕ್ಕದಿಂದ ನೋಡಿದರೂ ಅದರಲ್ಲಿ ಬಣ್ಣ ಹೆಚ್ಚು ಬದಲಾಗುವುದಿಲ್ಲ. ಆಫೀಸುಗಳಿಂದ ಬರುವ ಸೆಕೆಂಡ್‌ಹ್ಯಾಂಡ್ ಮಾನಿಟರ್‌ಗಳಲ್ಲಿ ಬಹಳಷ್ಟು ಟಿಎನ್ ಪ್ಯಾನೆಲ್. ಎದುರಿಗೆ ಕೂತ ನಿಮಗೆ ಒಂದು ಬಣ್ಣ, ಪಕ್ಕದಲ್ಲಿ ನಿಂತ ಬೀಗರಿಗೆ ಇನ್ನೊಂದು ಬಣ್ಣ. ಲಗ್ನಪತ್ರಿಕೆ ಕೆಲಸಕ್ಕೆ ಅದಕ್ಕಿಂತ ದೊಡ್ಡ ಜಗಳ ಬೇಕಾ? ನಾನು ನಿಮ್ಮ ಜಾಗದಲ್ಲಿದ್ದರೆ ಇವತ್ತು ಕೇಬಲ್ ಬದಲಿಸಿ, ಬ್ರೈಟ್‌ನೆಸ್ ಇಳಿಸಿ ಸೀಜನ್ ಮುಗಿಸುತ್ತಿದ್ದೆ. ಈ ವಾರದಲ್ಲೇ ಅರ್ಥಿಂಗ್ ನೋಡಿಸುತ್ತಿದ್ದೆ. ಸೀಜನ್ ದುಡ್ಡು ಕೈಗೆ ಬಂದ ಮೇಲೆ ಹೊಸ ಐಪಿಎಸ್ ತಂದು, ಹಳೆಯದಕ್ಕೆ ಬೋರ್ಡ್ ರಿಪೇರಿ ಮಾಡಿಸಿ, ಗಿರಾಕಿಗಳು ಪ್ರೂಫ್ ಓದಲು ಅವರ ಕಡೆ ತಿರುಗಿಸಿ ಇಡುತ್ತಿದ್ದೆ.

ರಾತ್ರಿಯೆಲ್ಲ ಆನ್ ಬಿಡುವ ಬಗ್ಗೆ ಬರೆದಿದ್ದಿರಿ. ಬೇಡ. ಕೆಪಾಸಿಟರ್ ಬಿಸಿಯಲ್ಲೇ ಇದ್ದು ಇನ್ನೂ ಬೇಗ ಸಾಯುತ್ತದೆ, ಮುಚ್ಚಿದ ಅಂಗಡಿಯಲ್ಲಿ ತುಂಬ ಪೇಪರ್ ಬೇರೆ ಇದೆ. ಸುಟ್ಟ ವಾಸನೆ ಅಥವಾ ಚಿರ್ ಅನ್ನುವ ಸದ್ದು ಬಂದರೆ ಬ್ರೈಟ್‌ನೆಸ್ ಉಪಾಯವನ್ನೂ ಬಿಟ್ಟು ಅವತ್ತೇ ನಿಲ್ಲಿಸಿ. ಸಂಜೆ ಶಟರ್ ಎಳೆಯುವ ಮುಂಚೆ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿ. ಬೆಳಿಗ್ಗೆ ಬಂದ ಕೂಡಲೇ ಮಾನಿಟರ್ ಆನ್ ಮಾಡಿ ಬಿಟ್ಟು ಕಸ ಗುಡಿಸಿಕೊಳ್ಳಿ. ಬ್ಯಾಕ್‌ಲೈಟ್ ಕಡಿದರೂ ಬೋರ್ಡ್ ಅಷ್ಟರಲ್ಲಿ ಸ್ವಲ್ಪ ಬೆಚ್ಚಗಾಗುತ್ತದೆ, ಆಮೇಲೆ ಒಂದೆರಡು ಸಲಕ್ಕೇ ನಿಲ್ಲಬಹುದು.